ನಿಮಗೆ ಮಾತ್ರ ಈ ದರ

ಇಂದು ನಾವು ಆಲೋಚಿಸಬೇಕಾದ ವಿಷಯ ಬಹಳ ಗಹನವಾದದ್ದು. ಸಾವಧಾನವಾಗಿ ಕೇಳಿ. ವಿಷಯ, ಬದನೆಕಾಯಿ.

ನಗಬೇಡಿ. ಸಂತೆಯಿಂದ ಬದನೆಕಾಯಿ ತರುವವರನ್ನು ದಾರಿಯಲ್ಲಿ ನಿಲ್ಲಿಸಿ, 'ಎಷ್ಟು ಕೊಟ್ಟಿರಿ?' ಅಂತ ಕೇಳಿ ನೋಡಿ. ನಲವತ್ತು ಕೊಟ್ಟವರು ಮೂವತ್ತು ಅನ್ನುತ್ತಾರೆ. ಕೆಲವರು ಚೀಲದ ಬಾಯಿ ಮುಚ್ಚಿಕೊಂಡು, 'ಏನೋ ಒಂದು ಬಿಡಿ' ಅನ್ನುತ್ತಾರೆ. ಕೊಟ್ಟ ದುಡ್ಡು ನಮ್ಮದು, ತಿನ್ನುವ ಬಾಯಿ ನಮ್ಮದು. ಬಚ್ಚಿಡುವಂಥದ್ದು ಅದರಲ್ಲಿ ಏನಿದೆ? ನನಗೂ ಬಹಳ ದಿನದಿಂದ ಕುತೂಹಲ. ಇದನ್ನು ಯೋಚಿಸುವಾಗೆಲ್ಲ ನನಗೊಂದು ಕಥೆ ನೆನಪಾಗುತ್ತದೆ.

ಒಂದು ಪೇಟೆ. ಆ ಪೇಟೆಯಲ್ಲಿ ಒಬ್ಬ ಶ್ರೀಮಂತ. ಊರಿಗೆ ಕರೆಂಟು ಬಂದಿತ್ತು, ಆದರೆ ಬಂದದ್ದು ನಿಲ್ಲುತ್ತಿರಲಿಲ್ಲ. ದಿನಕ್ಕೆ ಆರು ಗಂಟೆ ಹೋಗುತ್ತಿತ್ತು, ಅದೂ ಸರಿಯಾಗಿ ವ್ಯಾಪಾರದ ಹೊತ್ತಿಗೆ. ಶ್ರೀಮಂತ ಏನು ಮಾಡಿದ? ಅಂಗಡಿ ಬೀದಿಯ ಹಿಂದೆ ಲಾರಿಯಷ್ಟು ದೊಡ್ಡ ಜನರೇಟರ್ ತಂದು ಕೂರಿಸಿದ. ಅರವತ್ತು ಅಂಗಡಿಗೆ ತಂತಿ ಎಳೆದ. ಒಂದೊಂದು ಪಾಯಿಂಟಿಗೆ ತಿಂಗಳಿಗೆ ಇಷ್ಟು ಅಂದ. ಎಷ್ಟು? ಅವನು ಹೇಳಿದಷ್ಟು! ಕೇಳಿದರೆ, 'ಬೇಡವಾದರೆ ಮೇಣದಬತ್ತಿ ಹಚ್ಚಿಕೊಳ್ಳಿ' ಅನ್ನುತ್ತಿದ್ದ.

ಬೀದಿಯವರು ಮೂರು ವರ್ಷ ಒಂದೇ ಜಪ ಮಾಡಿದರು. 'ಇನ್ನೊಬ್ಬ ಬರಲಿ, ಇನ್ನೊಬ್ಬ ಬಂದರೆ ಇವನ ಸೊಕ್ಕು ಇಳಿಯುತ್ತದೆ.' ನೋಡಿ, ಇನ್ನೊಬ್ಬ ಬಂದೇ ಬಂದ. ಅಕ್ಕಿ ಗಿರಣಿಯವನು ಎರಡನೇ ಜನರೇಟರ್ ತಂದ. ಬೀದಿಯವರು ಪೇಡ ಹಂಚಿದರು. ಪೈಪೋಟಿ ಬಂತು, ಇನ್ನು ನಾವು ಗೆದ್ದೆವು!

ಗೆದ್ದರೇ?

ಆ ಬೀದಿಯಲ್ಲಿ ಒಂದು ಮರ್ಯಾದೆ ಇತ್ತು. ಪಕ್ಕದಂಗಡಿಯವನ ಮಗಳ ಮದುವೆ ಯಾಕೆ ಮುರಿಯಿತು ಅಂತ ಬೇಕಾದರೆ ಕೇಳಬಹುದು, ಅವನು ಯಾವುದಕ್ಕೆ ಎಷ್ಟು ಕೊಡುತ್ತಾನೆ ಅಂತ ಕೇಳಬಾರದು. ಇದು ಶ್ರೀಮಂತನಿಗೆ ಗೊತ್ತಿತ್ತು. ಗಿರಣಿಯವನಿಗೂ ಗೊತ್ತಿತ್ತು. ಇಬ್ಬರ ಗುಮಾಸ್ತರೂ ಅಂಗಡಿ ಅಂಗಡಿಗೆ ಹೋದರು, ಕಟ್ಟೆಯ ಮೇಲೆ ಕೂತರು, ದನಿ ತಗ್ಗಿಸಿದರು. 'ನಿಮಗೆ ಮಾತ್ರ ಈ ದರ. ಯಾರಿಗೂ ಹೇಳಬೇಡಿ.' ಅರವತ್ತು ಅಂಗಡಿಯಲ್ಲೂ ಅದೇ ಮಾತು. ಅರವತ್ತು ಮಂದಿಗೂ ಎಂಥ ಹಿಗ್ಗು! ಇಡೀ ಬೀದಿಗೆ ನಾನೊಬ್ಬನೇ ಜಾಣ!

ಆ ಬೀದಿಯಲ್ಲಿ ಒಬ್ಬ ಹೊಲಿಗೆಯಾಕೆ. ಕರೆಂಟಿನ ಎರಡು ಹೊಲಿಗೆ ಯಂತ್ರ, ಕೆಲಸಕ್ಕೆ ಇಬ್ಬರು ಹೆಂಗಸರು. ಮೂರು ಸಂಸಾರ ನಡೆಯುತ್ತಿದ್ದದ್ದು ಆ ಎರಡು ಯಂತ್ರದಿಂದ. ಪೈಪೋಟಿ ಬಂದ ಮೇಲೂ ಆಕೆಯ ದರ ಎರಡು ವರ್ಷದಲ್ಲಿ ಮೂರು ಸಲ ಏರಿತು. ಪ್ರತಿ ಸಲವೂ ಶ್ರೀಮಂತನ ಗುಮಾಸ್ತ, 'ಡೀಸೆಲ್ ಏರಿದೆ ಅಕ್ಕಾ. ಬೇರೆಯವರಿಗೆ ಜಾಸ್ತಿ ಏರಿಸಿದ್ದೇವೆ, ನಿಮಗೆ ಕಮ್ಮಿ' ಅನ್ನುತ್ತಿದ್ದ. ಆಕೆ ಉಪಕಾರ ನೆನೆದು ಅವನಿಗೆ ಚಹಾ ಕೊಡುತ್ತಿದ್ದಳು. ಕೊನೆಗೆ ಒಂದು ಯಂತ್ರ ಮಾರಿ ಒಬ್ಬ ಹೆಂಗಸನ್ನು ಕೆಲಸದಿಂದ ಬಿಡಿಸುವುದೇ ಸರಿ ಅನ್ನುವಲ್ಲಿಗೆ ಬಂತು.

ಪಕ್ಕದ ಮೊಬೈಲ್ ರಿಪೇರಿಯವನು ಕೇಳಿದ, 'ಇಷ್ಟು ಗಿರಾಕಿ ಇಟ್ಟುಕೊಂಡು ಯಂತ್ರ ಯಾಕೆ ಮಾರ್ತೀರಿ ಅಕ್ಕಾ?'

'ಜನರೇಟರಿನ ದುಡ್ಡು ಕಟ್ಟೋಕಾಗಲ್ಲಪ್ಪ.'

'ನಮ್ಮಿಬ್ಬರಿಗೂ ಒಂದೇ ತಂತಿ. ನಾನು ಕಟ್ತಿಲ್ವೇ?'

ಆಕೆಗೆ ರೇಗಿತು. ರೇಗಿದಾಗ ಮರ್ಯಾದೆ ಮರೆಯುತ್ತದೆ, ಕೆಲವೊಮ್ಮೆ ಅದೇ ಒಳ್ಳೆಯದು. 'ಪಾಯಿಂಟಿಗೆ ನಾನೂರು ಕೊಡ್ತೀಯಾ ನೀನು?' ಅಂದುಬಿಟ್ಟಳು.

ಅವನ ಕೈಯಲ್ಲಿದ್ದ ಸ್ಕ್ರೂಡ್ರೈವರ್ ಜಾರಿತು. 'ನಾನೂರಾ? ನಂದು ಇನ್ನೂರೈವತ್ತು. ಯಾರಿಗೂ ಹೇಳಬೇಡ ಅಂದಿದ್ರು.'

ಆಕೆ ಗುಮಾಸ್ತನನ್ನು ನಿಲ್ಲಿಸಿ ಕೇಳಿದಳು. ಅವನು ಕೊಟ್ಟ ಉತ್ತರ ನೋಡಿ! 'ಅವರೆಲ್ಲ ಗಿರಣಿಯವರ ಕಡೆ ಹೋಗ್ತೀವಿ ಅಂತ ಗಲಾಟೆ ಮಾಡಿದ್ರು, ಇಳಿಸಿದ್ವಿ. ನೀವು ಯಾವತ್ತೂ ಕೇಳಲೇ ಇಲ್ಲವಲ್ಲ ಅಕ್ಕಾ.' ಈ ಸಲ ಅವನು ಸುಳ್ಳು ಹೇಳಲಿಲ್ಲ. ಚಹಾ ಮುಗಿಸಿ ಲೋಟ ಕೆಳಗಿಟ್ಟ.

ಆಕೆ ಜಗಳವಾಡಲಿಲ್ಲ. ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದ ತುಂಡು ತಗೊಂಡು ಅಂಗಡಿ ಬಾಗಿಲ ಮೇಲೆ ದಪ್ಪಕ್ಷರದಲ್ಲಿ ಬರೆದಳು: ನಾನು ಕೊಡುವುದು, ಪಾಯಿಂಟಿಗೆ ನಾನೂರು. ಮೊಬೈಲಿನವನು ತನ್ನ ಬಾಗಿಲ ಮೇಲೆ ಇನ್ನೂರೈವತ್ತು ಅಂತ ಬರೆದ. ಬಟ್ಟೆ ವರ್ತಕ ಬಂದು, 'ಬೀದಿಯ ಮಾನ ಕಳೆದಿರಲ್ಲ, ಅಳಿಸಿ' ಅಂತ ಕೂಗಾಡಿದ. ಆಮೇಲೆ ಓದಿದ. ಅವನು ಕೊಡುತ್ತಿದ್ದದ್ದು ನಾನೂರೈವತ್ತು. ಚೌಕಾಸಿ ಮಾಡುವುದು ಅವನ ಘನತೆಗೆ ಕಮ್ಮಿ. ಮರುದಿನ ಅವನೂ ಬರೆದ, ತುಸು ಸಣ್ಣ ಅಕ್ಷರದಲ್ಲಿ. ವಾರದೊಳಗೆ ಬೀದಿಯ ಬಾಗಿಲೆಲ್ಲ ಬೆಳ್ಳಗಾದವು. ಆಮೇಲೆ ಜನ ಗುಂಪಾಗಿ ಮೊದಲು ಗಿರಣಿಯವನ ಹತ್ತಿರ ಹೋದರು, ಅಲ್ಲಿಂದ ಶ್ರೀಮಂತನ ಹತ್ತಿರ. 'ಎಲ್ಲರಿಗೂ ಒಂದೇ ದರ, ಹಲಗೆಯ ಮೇಲೆ ಬರೆದು ಹಾಕಿ. ಯಾರದ್ದು ಕಮ್ಮಿಯೋ ಅವರ ತಂತಿ.' ಪೈಪೋಟಿ ಶುರುವಾದದ್ದು ಅವತ್ತು. ಇನ್ನೊಬ್ಬ ಬಂದ ದಿನ ಅಲ್ಲ.

ಎಲ್ಲರಿಗೂ ಸುಖವಾಯಿತೇ? ಇಲ್ಲ. ಸಿಹಿತಿಂಡಿಯವನು ಕೂಗಾಡಿ ಕೂಗಾಡಿ ನೂರೆಂಬತ್ತಕ್ಕೆ ಇಳಿಸಿಕೊಂಡಿದ್ದ, ಅವನ ದರ ಏರಿತು. ಅವನಿಗೆ ಹೊಲಿಗೆಯಾಕೆಯ ಮೇಲೆ ಇನ್ನೂ ಕೋಪವಿದೆ. ಅವನ ಕಮ್ಮಿ ದರದ ಭಾರ ಇಷ್ಟು ದಿನ ಹೊತ್ತವರು ಯಾರು ಅಂತ ಅವನು ಕೇಳಲಿಲ್ಲ. ನೀವು ಕೇಳಿ.

ಈಗ ನಿಮ್ಮ ಕಡೆ ತಿರುಗುತ್ತೇನೆ. ಶ್ರೀಮಂತನನ್ನು ಬೈದು ಎದ್ದು ಹೋಗುತ್ತೀರಿ, ನನಗೆ ಗೊತ್ತು. ಬಾಯಿ ಮುಚ್ಚಿ ಅವನನ್ನು ಸಾಕಿದವರು ಯಾರು? 'ನಿಮಗೆ ಮಾತ್ರ' ಅಂದಾಗ ಹಿಗ್ಗಿದವರು ಯಾರು? ನಾವೇ, ಅರವತ್ತು ಅಂಗಡಿಯೂ ನಾವೇ. ನಾಳೆ ಬೆಳಿಗ್ಗೆ ಮನೆಯ ಬಿಲ್ಲು ತೆಗೆದುಕೊಂಡು ಪಕ್ಕದ ಮನೆಗೆ ಹೋಗಿ. ಕೇಬಲ್ಲಿನದ್ದೋ, ಫೋನಿನದ್ದೋ, ಹಾಲಿನದ್ದೋ, ಯಾವುದಾದರೂ ಸರಿ. ನೀವು ಕೊಡುವುದನ್ನು ಮೊದಲು ಹೇಳಿ, ಸುಳ್ಳು ಸೇರಿಸದೆ ಹೇಳಿ, ಆಮೇಲೆ ಅವರದ್ದು ಕೇಳಿ. ಯಾರಾದರೂ ದನಿ ತಗ್ಗಿಸಿ ದರ ಹೇಳಿದರೆ, 'ಗಟ್ಟಿಯಾಗಿ ಹೇಳಪ್ಪ' ಅನ್ನಿ. ವರ್ಷಕ್ಕೊಮ್ಮೆಯಾದರೂ 'ಇನ್ನೊಬ್ಬರದ್ದು ಎಷ್ಟು?' ಅಂತ ವಿಚಾರಿಸಿ. ಆಯ್ಕೆ ಇದ್ದೂ ವಿಚಾರಿಸದಿದ್ದರೆ ಆ ಆಯ್ಕೆ ಇದ್ದು ಏನು ಬಂತು?

ಮುಂದಿನ ಸಾಲಿನಲ್ಲಿ ಕೂತ ತಾಯಿ ಕೈ ಎತ್ತಿ, ಯಂತ್ರ ಏನಾಯಿತು ಅಂತ ಕೇಳುತ್ತಿದ್ದಾರೆ.

ಮಾರಲಿಲ್ಲ. ದರ ಈಗ ಎಲ್ಲರಿಗೂ ಇನ್ನೂರ ಅರವತ್ತು. ಇಬ್ಬರು ಹೆಂಗಸರೂ ಕೆಲಸದಲ್ಲಿದ್ದಾರೆ.