ಬಟನ್ ಮತ್ತು ಪ್ರಾಬಬ್ಲಿ

ನಡುವಿನ ಕುರ್ಚಿಯನ್ನು ತುಂಬಿ ಕುಳಿತಿರುವ ಅಧ್ಯಕ್ಷರೇ, ಅವರ ಎಡಬಲದಲ್ಲಿ ಆಕಳಿಕೆ ತಡೆದುಕೊಂಡಿರುವ ಅತಿಥಿಗಳೇ, ನನ್ನ ವಿದ್ಯಾರ್ಥಿಗಳೇ, ಸಭಿಕರೇ,

ನಮ್ಮ ಇಂಗ್ಲಿಷ್ ಟ್ಯುಟೋರಿಯಲ್‌ನ ವಾರ್ಷಿಕೋತ್ಸವದ ಪದ್ಧತಿ ನಿಮಗೆ ಗೊತ್ತೇ ಇದೆ. ವಿದ್ಯಾರ್ಥಿಗಳು ಡಬ್ಬಿಯಿಂದ ಎರಡು ಚೀಟಿ ಎತ್ತುತ್ತಾರೆ. ಒಂದಕ್ಕೊಂದು ಸಂಬಂಧವಿಲ್ಲದ ಆ ಎರಡು ಇಂಗ್ಲಿಷ್ ಪದಗಳ ಅರ್ಥ ಮತ್ತು ಬಳಕೆಯ ಬಗ್ಗೆ ಮೇಷ್ಟ್ರು ಭಾಷಣ ಮಾಡಬೇಕು. ಈ ಸಲ ಬಂದಿರುವುದು ‘ಬಟನ್’ ಮತ್ತು ‘ಪ್ರಾಬಬ್ಲಿ’. ಚೀಟಿ ಎತ್ತಿದ ಕೈಗಳಿಗೆ ದೊಡ್ಡ ನಮಸ್ಕಾರ.

ಮೊದಲು ಬಟನ್. ಅರ್ಥ, ಗುಂಡಿ. ಬಳಕೆ, ಅಂಗಿ ಮುಚ್ಚಲು. ನನ್ನ ಬಳಕೆ ಸ್ವಲ್ಪ ಬೇರೆ. ನಮ್ಮ ತರಗತಿಯ ಕೆಳಗಡೆ ಟೇಲರಮ್ಮನವರ ಅಂಗಡಿ ಇದೆಯಲ್ಲ, ಅಲ್ಲಿಗೆ ಹೋಗಲು ನೆಪ ಬೇಕು, ನೆಪಕ್ಕೆ ಗುಂಡಿ ಬೇಕು. ಒಂಟಿ ಗಂಡಸಿನ ಗುಂಡಿಯಾದರೂ ಎಷ್ಟು ಸಲ ತಾನಾಗಿ ಕಿತ್ತು ಬಂದೀತು? ಹಾಗಾಗಿ ಮೆಟ್ಟಿಲ ಮೇಲೆ ನಿಂತು ನಾನೇ ಕಿತ್ತುಕೊಳ್ಳುತ್ತಿದ್ದೆ. ಒಮ್ಮೆ ಅವರು ಸೂಜಿಯಿಂದ ಕಣ್ಣೆತ್ತದೆ ಹೇಳಿದರು, “ಮೇಷ್ಟ್ರೇ, ಸುಮ್ನೆ ಬಂದ್ರೂ ಕೂತ್ಕೊಳ್ಳೋಕೆ ಸ್ಟೂಲ್ ಇದೆ. ಅಂಗಿ ಯಾಕೆ ಹಾಳು ಮಾಡ್ತೀರಾ?” ವಿದ್ಯಾರ್ಥಿಗಳು ನಗಬಾರದು, ಇದು ಪಾಠ.

ಇನ್ನು ಪ್ರಾಬಬ್ಲಿ. ಅರ್ಥ, ಬಹುಶಃ. ಇದನ್ನು ನನ್ನಷ್ಟು ಸವೆಸಿದವರು ಇಂಗ್ಲಿಷರಲ್ಲೂ ಇರಲಾರರು. ಇವತ್ತು ಪಾಠ ಇದೆಯೇ? ಪ್ರಾಬಬ್ಲಿ. ಹಸಿವಾಗಿದೆಯೇ? ಪ್ರಾಬಬ್ಲಿ. ಅಮ್ಮ ಬದುಕಿದ್ದಾಗ, “ಮದ್ವೆ ಆಗ್ತೀಯೇನೋ?” ಎಂದು ಕೇಳುತ್ತಿದ್ದಳು. ಅದಕ್ಕೂ ಇದೇ ಉತ್ತರ. “ನಿನ್ನ ಬಾಯಲ್ಲಿ ಹೂಂ ಅಂತಾನೂ ಬರಲ್ಲ, ಊಹೂಂ ಅಂತಾನೂ ಬರಲ್ಲ” ಎಂದು ಬೈದುಕೊಂಡೇ ಹೋದಳು. ಕೂದಲು ನರೆಯಿತು, ಬುದ್ಧಿ ಮಾತ್ರ ಬೆಳೆಯಲಿಲ್ಲ.

ಹೋದ ವಾರ ಟೇಲರಮ್ಮ ಕತ್ತರಿ ಕೆಳಗಿಟ್ಟು ಕೇಳಿದರು, “ನಾನೂ ಒಬ್ಳೇ, ನೀವೂ ಒಬ್ರೇ. ಮದ್ವೆ ಆಗಿ ಒಂದೇ ಮನೇಲಿ ಇರೋಣ್ವಾ?” ಮಹನೀಯರೇ, ಇಂಥ ಪ್ರಶ್ನೆಗೆ ಮನುಷ್ಯನಾದವನು ಏನು ಹೇಳಬೇಕು? ನಾನು ಏನು ಹೇಳಿದೆ ಎಂದು ಬಿಡಿಸಿ ಹೇಳಬೇಕೇ? ಅವರು ಕೋಪ ಮಾಡಿಕೊಳ್ಳಲಿಲ್ಲ. ಕೋಪ ಮಾಡಿಕೊಂಡಿದ್ದರೆ ಚೆನ್ನಾಗಿತ್ತು. “ತಂಗಿ ಅವಳೂರಿಗೆ ಬಾ ಅಂತಿದಾಳೆ. ಮುಂದಿನ ಭಾನುವಾರ ಅಂಗಡಿ ಖಾಲಿ ಮಾಡ್ತೀನಿ” ಎಂದರು.

ನಾಳೆ ಭಾನುವಾರ. ಈ ವಾರವಿಡೀ ಹೇಳಿಯೇ ಬಿಡಬೇಕೆಂದು ಮೆಟ್ಟಿಲಿಳಿದೆ, ಗುಂಡಿ ಹೊಲಿಸಿಕೊಂಡು ಹತ್ತಿ ಬಂದೆ. ಅವರಿಲ್ಲದ ಆ ಅಂಗಡಿಯ ಮುಂದೆ ದಿನವೂ ಓಡಾಡುವುದು ನನ್ನಿಂದಾಗದು. ಮೈಕ್ ಇಲ್ಲದೆ ಧೈರ್ಯ ಬಾರದ ವೃತ್ತಿ ನಮ್ಮದು, ಏನು ಮಾಡಲಿ?

ಟೇಲರಮ್ಮನವರೇ, ಕೊನೆಯ ಸಾಲಿನಿಂದ ಏಳಬೇಡಿ. ನನಗೆ ಒಪ್ಪಿಗೆ. ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಕಿಟಕಿಯ ಪಕ್ಕ ಬೆಳಕು ಚೆನ್ನಾಗಿದೆ. ಹೊಲಿಗೆ ಯಂತ್ರಕ್ಕೆಂದು ಬೆಳಿಗ್ಗೆಯೇ ಅಲ್ಲಿ ಜಾಗ ಮಾಡಿದ್ದೇನೆ. ನಿಘಂಟುಗಳೆಲ್ಲ ಮಂಚದ ಕೆಳಗೆ ಹೋಗಿವೆ.

ಇಷ್ಟು ಹೊತ್ತು ಸಹಿಸಿಕೊಂಡ ಎಲ್ಲರಿಗೂ ವಂದನೆಗಳು. ಕುಳಿತುಕೊಳ್ಳುತ್ತೇನೆ. ನಮಸ್ಕಾರ.