ನಮ್ಮವರಿಗೇ ಹಾಕಿದ ಕೂಗು

ಆಸ್ಪತ್ರೆಯಲ್ಲಿ ಎರಡು ಪಾಳಿ ಒಟ್ಟಿಗೆ ಮುಗಿಸಿ ಬಸ್ಸಿನ ಸಾಲಿನಲ್ಲಿ ನಿಂತಿದ್ದ ನರ್ಸಮ್ಮನಿಗೆ ಕಾಲು ಸೋತಿದ್ದವು. ಹಿಂದೆ ನಿಂತಿದ್ದ, ಪರಿಚಯವಿಲ್ಲದ ಇಬ್ಬರು ಭಾವ ಮೈದುನರ ಮಾತು ತಾನಾಗಿಯೇ ಕಿವಿಗೆ ಬೀಳುತ್ತಿತ್ತು. ಭಾವನ ಗಂಟಲು ಕಟ್ಟಿಹೋಗಿತ್ತು.

“ಏನ್ ಭಾವ, ದನಿನೇ ಇಲ್ವಲ್ಲ?”

“ನಿನ್ನೆ ಮ್ಯಾಚಲ್ಲಿ ಹೋಯ್ತು. ನಮ್ಮ ಟೀಮಿನ ಗೋಲ್‌ಕೀಪರ್ ನಾಲ್ಕು ಗೋಲು ಬಿಟ್ಟ. ಜನ ಎಲ್ಲ ‘ಥೂ, ಆಚೆ ನಡಿಯೋ’ ಅಂತ ಕೂಗಿದ್ರು. ನಾನೂ ಕೂಗ್ದೆ.”

“ನಮ್ಮವನಿಗೇನಾ?”

“ಇಪ್ಪತ್ತು ವರ್ಷದಿಂದ ಹೋಗ್ತಿದೀನಿ ಕಣೋ. ಅಷ್ಟೂ ಹಕ್ಕಿಲ್ವಾ?”

“ಇದೆ ಬಿಡಿ. ಪುಟ್ಟೀನೂ ಬಂದಿದ್ಲಲ್ಲ?”

ಭಾವ ಕೈಗಡಿಯಾರ ನೋಡಿಕೊಂಡ.

“ಪಕ್ಕದಲ್ಲೇ ಕೂತಿದ್ಲು. ಇವತ್ತು ಹತ್ತು ಗಂಟೆಗೆ ಅವಳ ಸ್ಕೂಲ್ ಮ್ಯಾಚು. ಅವಳೂ ಗೋಲ್‌ಕೀಪರ್ರೇ. ಬೆಳಗ್ಗೆ ಶೂ ಕಟ್ಕೊಳ್ತಾ, ‘ಅಪ್ಪ, ನೀನು ಬರ್ಬೇಡ’ ಅಂದ್ಲು.”

“ನೀವೇನಂದ್ರಿ?”

“‘ನಿಂಗ್ಯಾಕೆ ಹಾಗೆ ಕೂಗ್ತೀನಿ, ನೀನು ನನ್ನವಳು’ ಅಂದೆ. ‘ಅವನೂ ನಿನ್ನವನೇ ಅಂತಿದ್ದೆ’ ಅಂದ್ಲು.”

“ಮಕ್ಕಳ ಮಾತು, ಮನಸ್ಸಿಗೆ ಹಚ್ಕೋಬೇಡಿ.”

“ಹಚ್ಕೊಂಡಾಯ್ತಲ್ಲ. ಅಲ್ಲ, ನಿನ್ನೆ ಸೋತಿದ್ದಕ್ಕೆ ನಮ್ಮನೇಲೇನಾದ್ರೂ ಒಲೆ ಆರಿತ್ತಾ? ಆಟ ತಾನೇ?”

“ಹಾಗಾದ್ರೆ ಮುಂದಿನ ವಾರ ಹೋಗಲ್ವಾ?”

“ಹೋಗ್ದೆ ಏನ್ಮಾಡ್ಲಿ? ಇಷ್ಟು ವರ್ಷದ ಅಭ್ಯಾಸ, ಬಿಡೋಕಾಗಲ್ಲ. ಬಾಯಿ ಮುಚ್ಕೊಂಡು ಕೂರ್ತೀನಿ.”

ಬಸ್ಸು ಬಂತು. ನರ್ಸಮ್ಮನ ಹಿಂದೆಯೇ ಮೈದುನ ಹತ್ತಿದ. ಭಾವ ಮಾತ್ರ ಸಾಲಿನಿಂದ ಪಕ್ಕಕ್ಕೆ ಸರಿದ.

“ಭಾವ, ಹತ್ತಿ! ಕಾರ್ಖಾನೆಗೆ ಹೊತ್ತಾಯ್ತು.”

“ಅರ್ಧ ದಿನ ರಜಾ ಅಂತ ಮೇಸ್ತ್ರಿಗೆ ಹೇಳ್ಬಿಡಪ್ಪ. ಅವಳ ಕಣ್ಣಿಗೆ ಬೀಳದ ಹಾಗೆ ಸ್ಕೂಲ್ ಕಾಂಪೌಂಡ್ ಆಚೆ ನಿಂತು ನೋಡ್ತೀನಿ.”

ಬಸ್ಸು ಹೊರಟಿತು. ಕಿಟಕಿ ಪಕ್ಕ ಕೂತ ನರ್ಸಮ್ಮನಿಗೆ, ಆತ ರಸ್ತೆ ದಾಟಿ ಸರಸರನೆ ನಡೆದುಹೋಗುವುದು ಕಂಡಿತು.