ಸುವಾರ್ತಜ್ಜಿ ಯಾರ ಕಡೆಯವಳು?

ನೋಡಿ, ಒಂದೂರಲ್ಲಿ ಒಂದು ಪ್ರಾರ್ಥನಾ ಕೂಟ ಇತ್ತು. ದೇವಾಲಯ ಕಟ್ಟುವ ಶಕ್ತಿ ಅವರಿಗಿರಲಿಲ್ಲ. ಯಾರದಾದರೂ ಮನೆಯ ಜಗಲಿಯಲ್ಲಿ ಒಂದು ಕಂಬಳಿ ಹಾಸಿದರೆ ಅದೇ ದೇವಾಲಯ. ಜಾಗ ಸಾಲದೆ ಒಬ್ಬರ ಮಕ್ಕಳನ್ನು ಇನ್ನೊಬ್ಬರು ತೊಡೆಯ ಮೇಲೆ ಕೂರಿಸಿಕೊಳ್ಳುತ್ತಿದ್ದರು. ಕೂಟ ಮುಗಿದ ಮೇಲೆ ಯಾರ ಮಗು ಯಾರ ತೊಡೆಯಲ್ಲಿ ನಿದ್ದೆಹೋಗಿದೆ ಎಂದು ಹುಡುಕುವುದೇ ಒಂದು ಕೆಲಸ. ಎಂಥ ಕಾಲ ಅದು!

ಆ ಹೆಂಗಸರಲ್ಲಿ ಒಂದು ಪದ್ಧತಿ ಇತ್ತು. ಅನ್ನಕ್ಕೆ ಅಕ್ಕಿ ತೆಗೆದಾಗಲೆಲ್ಲ ಒಂದು ಹಿಡಿಯನ್ನು ಬೇರೆ ಮಡಕೆಗೆ ಹಾಕುವುದು. ಅದು ಕರ್ತನ ಪಾಲು, ದೇವರಿಗೆಂದು ತೆಗೆದಿಟ್ಟದ್ದು. ಶನಿವಾರ ಲೇಯಮ್ಮ ಎಂಬಾಕೆ ಮನೆಮನೆಯ ಪಾಲನ್ನು ಕೂಡಿಸಿ, ಗೆಳತಿ ತಬಿತಮ್ಮನ ಜೊತೆ ಹೋಗಿ ಸುವಾರ್ತಜ್ಜಿಗೆ ಕೊಟ್ಟು ಬರುತ್ತಿದ್ದಳು. ಅಜ್ಜಿಗೆ ಹಿಂದೆ ಮುಂದೆ ಯಾರೂ ಇಲ್ಲ, ಕಾಲೂ ಬಿದ್ದುಹೋಗಿತ್ತು. ಎತ್ತಿ ತಂದು ಕಂಬಳಿಯ ನಡುವೆ ಕೂರಿಸಿದರೆ ಹಾಡಿನುದ್ದಕ್ಕೂ ಚಪ್ಪಾಳೆ ತಟ್ಟುತ್ತಿದ್ದಳು.

ಆಮೇಲೆ ಏನಾಯಿತು? ಹಾಡನ್ನು ಸುಮ್ಮನೆ ಕೂತು ಹಾಡಬೇಕೋ, ನಿಂತು ಚಪ್ಪಾಳೆ ತಟ್ಟಿ ಹಾಡಬೇಕೋ ಎಂಬ ಮಾತು ಬಂತು. ಮಾತು ಬೆಳೆಯಿತು.

"ಕೂತು ತೂಕಡಿಸೋರ ಮೇಲೆ ಪವಿತ್ರಾತ್ಮ ಇಳಿಯುತ್ತಾ?" ಎಂದರು ಇವರು.

"ನಿಂತು ಕುಣಿಯೋಕೆ ಇದೇನು ಮದುವೆ ದಿಬ್ಬಣವಾ?" ಎಂದರು ಅವರು.

ನಗಬೇಡಿ. ನಮ್ಮ ಸಭೆಯ ಜಗಳ ಕೇಳಿದವರೂ ಹೀಗೇ ನಗುತ್ತಾರೆ. ಕೂಟ ಎರಡಾಯಿತು, ಹಿಡಿ ಅಕ್ಕಿಯೂ ಎರಡಾಯಿತು. ಲೇಯಮ್ಮ ಕೂತವರ ಕಡೆ, ತಬಿತಮ್ಮ ನಿಂತವರ ಕಡೆ. ಬಾವಿಕಟ್ಟೆಯಲ್ಲಿ ಎದುರಾದರೆ ಇಬ್ಬರೂ ತಂತಮ್ಮ ಬಿಂದಿಗೆಯೊಳಗೆ ನೋಡುತ್ತಿದ್ದರು. ಹಳೆಯ ಹಾಡು ಎಲ್ಲಿಂದಾದರೂ ಕೇಳಿಸಿದರೆ ಮಾತ್ರ ಲೇಯಮ್ಮನಿಗೆ ತನ್ನ ಪಕ್ಕ ತಬಿತಮ್ಮನ ದನಿ ಇಲ್ಲದ್ದು ಗೊತ್ತಾಗುತ್ತಿತ್ತು.

ಹೀಗೇ ತಿಂಗಳುಗಳು ಕಳೆದವು. ಲೇಯಮ್ಮನ ಮಗಳು ತುಂಬು ಬಸುರಿ. ಆ ಊರಿನ ಬಸುರಿಯರ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸುತ್ತಿದ್ದವಳು ಸುವಾರ್ತಜ್ಜಿ. ಅದನ್ನು ಕೇಳಿಕೊಳ್ಳೋಣ ಎಂದು ಲೇಯಮ್ಮ ಹೋದಳು. ಹೋಗಿ ನೋಡಿದರೆ ಒಲೆ ತಣ್ಣಗಿದೆ. ಮಡಕೆ ಬೋರಲು ಬಿದ್ದಿದೆ. ಅಜ್ಜಿಯ ಕೆನ್ನೆ ಒಳಕ್ಕೆ ಹೋಗಿದೆ.

"ಅಜ್ಜೀ, ತಬಿತಮ್ಮನ ಕಡೆಯೋರು ಅಕ್ಕಿ ತಂದುಕೊಡಲ್ವಾ?"

"ಯಾವ ಕಡೆ ತಾಯಿ? ಯಾರೂ ಬಂದಿಲ್ಲ. ಪಕ್ಕದ ಮನೆ ನಸೀಮಾ ಒಂದು ಲೋಟ ಗಂಜಿ ಕೊಡ್ತಾಳೆ. ಪಾಪ, ಅವಳಿಗೇ ಮನೆ ತುಂಬ ಮಕ್ಕಳು." ಅಜ್ಜಿ ಅವಳ ಕೈ ಹಿಡಿದುಕೊಂಡಳು. "ನೀವೆಲ್ಲ ಉಂಡಿದ್ದೀರಾ, ಅದನ್ನ ಹೇಳು. ಒಂದು ಹಿಡಿ ತೆಗೆದಿಡೋಕೂ ಗತಿಯಿಲ್ಲದ ಹಾಗಾಯ್ತಲ್ಲ ನನ್ನ ಮಕ್ಕಳಿಗೆ ಅಂತ ದಿನಾ ಕರ್ತನ ಹತ್ರ ಅಳ್ತಿದ್ದೆ."

ಕೇಳಿಸಿತಾ? ಹಸಿದವಳು ಉಂಡವರಿಗಾಗಿ ಅಳುತ್ತಿದ್ದಳು!

ಲೇಯಮ್ಮನಿಗೆ ತಲೆ ಎತ್ತಲಾಗಲಿಲ್ಲ. ಚಪ್ಪಾಳೆ ತಟ್ಟುವವಳಲ್ಲವೇ, ಅಜ್ಜಿ ಆ ಕಡೆಯವಳು ಎಂದು ಅವಳು ಬಿಟ್ಟಿದ್ದಳು. ನೇರ ತಬಿತಮ್ಮನ ಬಾಗಿಲಿಗೆ ಹೋದಳು.

"ಅಜ್ಜಿಗೆ ಯಾಕೇ ಅಕ್ಕಿ ಕೊಡಲಿಲ್ಲ?"

"ನಾನಾ? ಅವಳು ಕೂತು ಹಾಡೋಳಲ್ವೇನೇ? ನಿಮ್ಮ ಕಡೆ ಅಂತ..."

"ನಿಂತ್ಕೊಳ್ಳೋಕೆ ಅವಳಿಗೆ ಕಾಲೆಲ್ಲಿದೆ ತಬಿತಾ?"

ತಬಿತಮ್ಮ ಒಳಗೆ ಹೋಗಿ ಹಿಡಿ ಅಕ್ಕಿಯ ಮಡಕೆಯನ್ನೇ ಎತ್ತಿಕೊಂಡು ಬಂದಳು.

"ನಿಮ್ಮ ಹಿರಿಯರು ಬೈತಾರೆ," ಎಂದಳು ಲೇಯಮ್ಮ.

"ನಿಮ್ಮೋರೇನು ಮುತ್ತು ಕೊಡ್ತಾರಾ? ನಡಿಯೇ ಸಾಕು."

ದಾರಿಯಲ್ಲಿ ಲೇಯಮ್ಮನೂ ತನ್ನ ಮನೆಯ ಮಡಕೆ ಎತ್ತಿಕೊಂಡಳು. ಅಜ್ಜಿಯ ಒಲೆಯ ಮುಂದೆ ಇಬ್ಬರೂ ಮೊದಲಿನ ಹಾಗೆ ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತರು. ಒಬ್ಬಳು ಒಲೆ ಊದಿದಳು, ಒಬ್ಬಳು ಅಕ್ಕಿ ತೊಳೆದಳು. ಅನ್ನ ಬೆಂದ ಮೇಲೆ ಯಾವ ಅಗುಳು ಯಾವ ಕಡೆಯದು ಎಂದು ಹೇಳಲಾಗುತ್ತದಾ? ಅಜ್ಜಿ ಮೊದಲ ತಟ್ಟೆಯನ್ನು ನಸೀಮಾಳ ಮಕ್ಕಳಿಗೆ ಕಳಿಸಿ, ಆಮೇಲೆ ಉಂಡಳು.

ಆ ಊರಿನ ಹಿರಿಯರು ಇನ್ನೂ ವಾದ ಮಾಡುತ್ತಲೇ ಇದ್ದಾರಂತೆ. ಅದಿರಲಿ, ನಮ್ಮ ಮಾತೇನು? ನಾವೂ ಎರಡಾಗಿದ್ದೇವೆ. ಆಗ ಎಷ್ಟು ಚೆನ್ನಾಗಿತ್ತು ಎಂದು ನಾವೂ ನಿಟ್ಟುಸಿರು ಬಿಡುತ್ತೇವೆ. ಆ ಕಾಲ ನಮ್ಮನ್ನು ಬಿಟ್ಟುಹೋಗಲಿಲ್ಲ. ನಾವೇ ಎದ್ದು ಬಂದೆವು.

ಆದ್ದರಿಂದ ಇವತ್ತು ಮನೆಗೆ ಹೋಗುವ ದಾರಿಯಲ್ಲಿ, ಮಾತು ಬಿಟ್ಟವರ ಬಾಗಿಲು ತಟ್ಟಿ. ಯಾರು ಸರಿ, ಯಾರು ತಪ್ಪು ಎಂದು ಶುರುಮಾಡಬೇಡಿ. "ನೀವು ನೋಡ್ಕೊಳ್ತೀರಿ ಅಂತ ನಾವು, ನಾವು ನೋಡ್ಕೊಳ್ತೀವಿ ಅಂತ ನೀವು, ಯಾರನ್ನ ಬಿಟ್ಟಿದ್ದೀವಿ?" ಎಂದು ಕೇಳಿ. ಒಂದು ಹೆಸರು ಬಂದೇ ಬರುತ್ತದೆ. ಬಂದ ಕೂಡಲೇ ಇಬ್ಬರೂ ಸೇರಿ ಆ ಮನೆಗೆ ಹೊರಡಿ. ಅಲ್ಲಿಗೆ ಹೋಗಿ ಬರುವ ತನಕ ಊಟಕ್ಕೆ ಕೂರಬೇಡಿ.